ಮಳೆಯಿಲ್ಲದಿದ್ದರೂ ಟೆಂಟಿನೊಳಗೆ ಎಲ್ಲವೂ ಒದ್ದೆ: ತೋಟದಲ್ಲಿ ಎರಡು ರಾತ್ರಿ ತಂಗಲು ಸಲಹೆ ಬೇಕು

ಪ್ರಶ್ನೆ: ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದ ರಜೆಯಲ್ಲಿ ನಮ್ಮ ಮನೆಯ ಮತ್ತು ಅಕ್ಕನ ಮನೆಯ ಮಕ್ಕಳು ಆರು ಮಂದಿ, ದೊಡ್ಡವರು ಮೂವರು, ಒಟ್ಟು ಒಂಬತ್ತು ಜನ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ಇರುವ ಭಾವನವರ ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟು ಹಾಕಿಕೊಂಡು ತಂಗಬೇಕೆಂದು ನಿಶ್ಚಯಿಸಿದ್ದೇವೆ. ಮಕ್ಕಳಲ್ಲಿ ಚಿಕ್ಕವಳಿಗೆ ಏಳು ವರ್ಷ, ದೊಡ್ಡವನಿಗೆ ಹದಿನೈದು. ತೋಟದ ಮನೆ ಅಲ್ಲೇ ಇದ್ದರೂ ಒಳಗೆ ಮಲಗುವುದಿಲ್ಲ, ಅಡುಗೆಯನ್ನೂ ಹೊರಗೇ ಮಾಡಿಕೊಳ್ಳುತ್ತೇವೆ ಎಂಬುದು ಮಕ್ಕಳ ಹಟ. ನನಗೂ ಅದು ಇಷ್ಟವೇ.

ಕಳೆದ ತಿಂಗಳು ಅಭ್ಯಾಸಕ್ಕೆಂದು ಹಾಸನದ ನಮ್ಮ ಮನೆಯ ಹಿತ್ತಿಲಿನಲ್ಲಿ, ಹೊಸದಾಗಿ ಕೊಂಡ ನಾಲ್ಕು ಜನರ ಟೆಂಟಿನಲ್ಲಿ ನಾಲ್ವರು ಮಲಗಿದ್ದೆವು. ಅಂದು ಒಂದು ಹನಿ ಮಳೆಯೂ ಬೀಳಲಿಲ್ಲ. ಆದರೂ ಬೆಳಗಿನ ಜಾವ ಎಚ್ಚರವಾದಾಗ ಟೆಂಟಿನ ಒಳಮೈಯಲ್ಲಿ ನೀರು ಸಾಲುಸಾಲಾಗಿ ಇಳಿಯುತ್ತಿತ್ತು, ಹೊದಿಕೆಗಳು ಅಂಚಿನಲ್ಲಿ ತೊಯ್ದಿದ್ದವು. ಅದಕ್ಕಿಂತ ಬೇಸರವಾದದ್ದು, ಎರಡೆರಡು ರಗ್ಗು ಹೊದ್ದಿದ್ದರೂ ಬೆನ್ನಿನ ಕಡೆಯಿಂದ ಚಳಿ ಹತ್ತಿ ಯಾರಿಗೂ ಸರಿಯಾಗಿ ನಿದ್ರೆ ಬಾರದೇ ಹೋದದ್ದು. ಟೆಂಟು ಸೋರುತ್ತದೆಯೆಂದು ತಿಳಿದು ಅಂಗಡಿಗೆ ಹಿಂತಿರುಗಿಸುವ ಯೋಚನೆಯಲ್ಲಿದ್ದೇನೆ.

ಒಂಬತ್ತು ಜನರಿಗೂ ಮಲಗುವ ಚೀಲ, ಗಾಳಿ ತುಂಬುವ ಚಾಪೆ ಎಲ್ಲವನ್ನೂ ಕೊಳ್ಳುವುದು ನಮ್ಮಿಂದಾಗದು. ಮನೆಯಲ್ಲಿ ಮತ್ತು ತೋಟದಲ್ಲಿ ಸಿಗುವ ಸಾಮಾನುಗಳಿಂದಲೇ ಚಳಿ, ಇಬ್ಬನಿ, ಅಡುಗೆ ಮತ್ತು ಬೆಳಕಿನ ವ್ಯವಸ್ಥೆಯನ್ನು ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ. ಇದು ಚೆನ್ನಾಗಿ ನಡೆದರೆ ಮುಂದಿನ ವರ್ಷ ಮುಳ್ಳಯ್ಯನಗಿರಿಯ ಮೇಲೆ ಟೆಂಟು ಹಾಕಬೇಕೆಂದು ದೊಡ್ಡ ಹುಡುಗ ಈಗಲೇ ಹೇಳುತ್ತಿದ್ದಾನೆ. ಅದರ ಬಗ್ಗೆಯೂ ಒಂದು ಮಾತು ಬೇಕು.

ಉತ್ತರ: ಕಣದ ಕಾವಲು (ಮೂಡಿಗೆರೆ)

ನಿಮ್ಮ ಟೆಂಟು ಸೋರಿಲ್ಲ, ಹಿಂತಿರುಗಿಸಬೇಡಿ. ಮಲಗಿದ ಒಬ್ಬೊಬ್ಬರ ಉಸಿರಿನಿಂದ ಮತ್ತು ಮೈಯಿಂದ ಒಂದು ರಾತ್ರಿಯಲ್ಲಿ ಸುಮಾರು ಒಂದು ಲೋಟದಷ್ಟು ನೀರು ಆವಿಯಾಗಿ ಹೊರಬರುತ್ತದೆ. ನಾಲ್ವರು ಜಿಪ್ಪುಗಳನ್ನೆಲ್ಲ ಪೂರ್ತಿ ಎಳೆದುಕೊಂಡು ಮಲಗಿದರೆ ಆ ಆವಿಗೆ ಹೋಗಲು ದಾರಿಯಿಲ್ಲದೆ, ಹೊರಗಿನ ಚಳಿಗೆ ತಣ್ಣಗಾದ ಬಟ್ಟೆಯ ಒಳಮೈಗೆ ತಾಗಿ ಮತ್ತೆ ನೀರಾಗುತ್ತದೆ. ಕುದಿಯುವ ಸಾರಿನ ಪಾತ್ರೆಯ ಮುಚ್ಚಳವನ್ನು ಎತ್ತಿ ನೋಡಿದಾಗ ಕಾಣುವುದೂ ಇದನ್ನೇ. ಚಳಿಯಾಗುತ್ತದೆಯೆಂದು ಎಲ್ಲ ಕಿಂಡಿಗಳನ್ನು ಮುಚ್ಚಿದಷ್ಟೂ ಹೊದಿಕೆ ತೇವವಾಗಿ ಚಳಿ ಹೆಚ್ಚುತ್ತದೆ. ಆದ್ದರಿಂದ ಟೆಂಟಿನ ಎರಡೂ ಕಡೆಯ ಬಾಗಿಲುಗಳಲ್ಲಿ ಸೊಳ್ಳೆಪರದೆಯನ್ನು ಮಾತ್ರ ಮುಚ್ಚಿ, ಹೊರಬಟ್ಟೆಯನ್ನು ಮೇಲ್ಭಾಗದಲ್ಲಿ ಒಂದು ಗೇಣಿನಷ್ಟು ತೆರೆದಿಡಿ. ನಾಲ್ಕು ಜನರ ಟೆಂಟು ಎಂದು ಬರೆದಿದ್ದರೆ ಅದರಲ್ಲಿ ಮೂವರು ಮಲಗುವುದೇ ಸರಿ. ಹೊದಿಕೆ ಬದಿಯ ಬಟ್ಟೆಗೆ ತಾಗದಿದ್ದರೆ ತೊಯ್ಯುವುದೂ ಇಲ್ಲ.

ಬೆನ್ನಿನ ಚಳಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೊದಲ ಬಾರಿ ಹೊರಗೆ ಮಲಗುವವರು ಮೋಸಹೋಗುವುದು ಇಲ್ಲಿಯೇ. ರಗ್ಗು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ಮೈಯ ಕೆಳಗಿನ ರಗ್ಗು ನಮ್ಮ ಭಾರಕ್ಕೆ ಅಮರಿ, ಗಾಳಿಯೆಲ್ಲ ಹೊರಹೋಗಿ, ನೆಲದ ತಂಪು ನೇರವಾಗಿ ಬೆನ್ನಿಗೆ ಹತ್ತುತ್ತದೆ. ಆದ್ದರಿಂದ ಇರುವ ಹೊದಿಕೆಗಳಲ್ಲಿ ಹೆಚ್ಚಿನ ಪಾಲು ಕೆಳಗೆ ಹೋಗಬೇಕು. ಇನ್ನೂ ಒಳ್ಳೆಯ ಉಪಾಯವೆಂದರೆ ಹುಲ್ಲಿನ ಹಾಸಿಗೆ. ಡಿಸೆಂಬರ್ ಕೊನೆಗೆ ನಮ್ಮ ಕಡೆ ಭತ್ತದ ಕೊಯ್ಲು ಬಹುಮಟ್ಟಿಗೆ ಮುಗಿದು ಹೊಸ ಹುಲ್ಲು ಬಣವೆಗೆ ಬಂದಿರುತ್ತದೆ. ಕಾಫಿ ತುಂಬುವ ಖಾಲಿ ಗೋಣಿಚೀಲಗಳಿಗೆ ಆ ಒಣ ಹುಲ್ಲನ್ನು ಒಂದು ಗೇಣು ದಪ್ಪ ಬರುವಂತೆ ತುಂಬಿ, ಬಾಯಿಯನ್ನು ಸುತಲಿ ದಾರದಿಂದ ಹೊಲಿದು, ಒಬ್ಬರಿಗೆ ಎರಡು ಚೀಲಗಳಂತೆ ಉದ್ದಕ್ಕೆ ಜೋಡಿಸಿ. ಮಲಗಿದಾಗ ಅದು ನಾಲ್ಕು ಬೆರಳಿನಷ್ಟಕ್ಕೆ ಇಳಿಯುತ್ತದೆ, ಅಷ್ಟು ಸಾಕು. ನೆಲಕ್ಕೆ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟೆಂಟು, ಟೆಂಟಿನೊಳಗೆ ಹುಲ್ಲಿನ ಚೀಲ, ಅದರ ಮೇಲೆ ಕಂಬಳಿ ಎಂಬುದು ಕ್ರಮ. ಪ್ಲಾಸ್ಟಿಕ್ ಹಾಳೆ ಟೆಂಟಿನ ಅಂಚಿನಿಂದ ಹೊರಗೆ ಚಾಚಿರಬಾರದು. ಚಾಚಿದರೆ ಮೇಲಿನಿಂದ ಇಳಿದ ನೀರನ್ನು ಹಿಡಿದು ನಿಮ್ಮ ಕೆಳಗೇ ತಂದು ನಿಲ್ಲಿಸುತ್ತದೆ. ಕುರಿ ಕಂಬಳಿ ಮನೆಯಲ್ಲಿದ್ದರೆ ಅದನ್ನು ಬಿಟ್ಟು ಬರಬೇಡಿ. ಉಣ್ಣೆ ಸಾಕಷ್ಟು ತೇವವನ್ನು ಹೀರಿಕೊಂಡರೂ ಬೆಚ್ಚಗೇ ಇರುತ್ತದೆ, ಹತ್ತಿಯ ಹೊದಿಕೆಗೆ ಆ ಗುಣವಿಲ್ಲ. ನಮ್ಮ ಹಿರಿಯರು ಮಳೆಗಾಲವಿಡೀ ಕಂಬಳಿ ಕೊಪ್ಪೆ ಹೊದ್ದು ಗದ್ದೆಯಲ್ಲಿ ದುಡಿದದ್ದು ಇದೇ ಕಾರಣಕ್ಕೆ.

ಟೆಂಟಿನ ಮೇಲೆ ಒಂದು ಅಡಿ ಎತ್ತರದಲ್ಲಿ ಟಾರ್ಪಾಲನ್ನು ಮಾಡಿನಂತೆ ಕಟ್ಟಿದರೆ ಇಬ್ಬನಿ ಅದರ ಮೇಲೆ ಬೀಳುತ್ತದೆ, ಟೆಂಟಿನ ಬಟ್ಟೆಯೂ ಅಷ್ಟು ತಣ್ಣಗಾಗುವುದಿಲ್ಲ. ಆದರೆ ಒಂದು ಮಾತು: ನೀವು ಬರುವ ಸಮಯ ಅರೇಬಿಕಾ ಕೊಯ್ಲಿನ ನಡುಮಧ್ಯ. ಸಂಜೆಯಾಗುತ್ತಿದ್ದಂತೆ ಕಣದಲ್ಲಿ ಹರಡಿದ ಕಾಫಿಯನ್ನು ಗುಡ್ಡೆ ಮಾಡಿ, ಇಬ್ಬನಿ ತಾಗದಂತೆ ಟಾರ್ಪಾಲು ಹೊದಿಸಲೇಬೇಕು. ಒಳ್ಳೆಯ ಟಾರ್ಪಾಲುಗಳನ್ನು ಭಾವನವರ ಬಳಿ ಕೇಳಿ ಅವರನ್ನು ಸಂಕಟಕ್ಕೆ ಸಿಲುಕಿಸಬೇಡಿ. ಕಿವಿ ಹರಿದು ಮೂಲೆಗೆ ಬಿದ್ದಿರುವ ಹಳೆಯದು ಪ್ರತಿ ತೋಟದಲ್ಲಿಯೂ ಇರುತ್ತದೆ, ಅದನ್ನು ಕೇಳಿ. ಹಗ್ಗ ಕಟ್ಟುವ ಕಿವಿ ಹರಿದಿದ್ದರೆ ಒಂದು ಗೋಟಡಿಕೆಯನ್ನು ಟಾರ್ಪಾಲಿನ ಮೂಲೆಯ ಕೆಳಗಿಟ್ಟು, ಮೇಲಿನಿಂದ ಅಡಿಕೆಯ ಸುತ್ತ ಬಟ್ಟೆಯನ್ನು ಹಿಡಿದು, ಅದರ ಕುತ್ತಿಗೆಗೆ ಹಗ್ಗವನ್ನು ಜೀರುಗುಣಿಕೆ ಹಾಕಿ ಬಿಗಿಯಿರಿ. ಎಳೆದಷ್ಟೂ ಬಿಗಿಯುತ್ತದೆ, ಹರಿಯುವುದಿಲ್ಲ. ಅಂಚಿನ ಯಾವ ಭಾಗದಲ್ಲಿ ಬೇಕಾದರೂ ಹೀಗೆ ಹೊಸ ಕಿವಿ ಮಾಡಿಕೊಳ್ಳಬಹುದು. ಮರಕ್ಕೆ ಕಟ್ಟಿದ ಹಗ್ಗದ ಗುಂಟ ನೀರು ಒಳಕ್ಕೆ ಹರಿದು ಬರುವುದನ್ನು ತಡೆಯಲು, ಟಾರ್ಪಾಲಿಗೆ ಒಂದು ಗೇಣು ಮೊದಲೇ ಆ ಹಗ್ಗಕ್ಕೆ ಚಿಕ್ಕ ದಾರವೊಂದನ್ನು ಇಳಿಬಿಟ್ಟು ಕಟ್ಟಿದರೆ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಜಾಗದ ಆಯ್ಕೆಯಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಸಿಲ್ವರ್ ಓಕಿನ ಒಣ ರೆಂಬೆ ಗಾಳಿಯಿಲ್ಲದಾಗಲೂ ಮುರಿದು ಬೀಳುತ್ತದೆ. ಅದರ ಕೆಳಗೆ ಮಲಗಬೇಡಿ. ಹಳ್ಳದ ಪಕ್ಕದ ತಗ್ಗು ಬೇಡ, ರಾತ್ರಿಯ ತಣ್ಣನೆಯ ಗಾಳಿ ಇಳಿದು ನಿಲ್ಲುವುದು ಅಲ್ಲಿಯೇ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳ ಓಡಾಟವಿರುವುದು ನಿಮಗೆ ತಿಳಿದೇ ಇದೆ. ಮಕ್ಕಳು ಜೊತೆಗಿರುವಾಗ ತೋಟದ ಒಳಮೂಲೆಯ ಆಸೆಯನ್ನು ಬಿಟ್ಟು, ತೋಟದ ಮನೆಯ ಅಂಗಳದಲ್ಲಿಯೇ, ಬಾಗಿಲಿಗೆ ಓಡಿ ತಲುಪುವಷ್ಟು ಹತ್ತಿರದಲ್ಲಿ ಟೆಂಟು ಹಾಕಿ. ಆ ವಾರ ಆನೆ ಯಾವ ಕಡೆ ಇದೆಯೆಂಬುದನ್ನು ತೋಟದ ಕೆಲಸಗಾರರಲ್ಲಿ ಪ್ರತಿದಿನ ಸಂಜೆ ವಿಚಾರಿಸಿ. ಬಾಳೆಹಣ್ಣು, ಬೆಲ್ಲ, ಅಕ್ಕಿ, ಉಪ್ಪು ಯಾವುದೂ ರಾತ್ರಿ ಟೆಂಟಿನಲ್ಲಿ ಇರಕೂಡದು, ಎಲ್ಲವೂ ಮನೆಯೊಳಗೆ ಹೋಗಲಿ. ಆನೆ ಹತ್ತಿರದಲ್ಲಿದೆ ಎಂದು ತಿಳಿದ ರಾತ್ರಿ ಮಕ್ಕಳು ಎಷ್ಟು ಹಟ ಮಾಡಿದರೂ ಒಳಗೇ ಮಲಗಿಸಿ.

ಉತ್ತರ: ಹಳೆಯ ಸ್ಕೌಟ್ ಮೇಷ್ಟ್ರು (ಚಿಕ್ಕಮಗಳೂರು)

ಮೇಲಿನವರು ಮಲಗುವ ವ್ಯವಸ್ಥೆಯನ್ನು ಪೂರ್ಣವಾಗಿ ಹೇಳಿದ್ದಾರೆ. ಶಾಲೆಯ ಮಕ್ಕಳನ್ನು ಬಹಳ ವರ್ಷ ಶಿಬಿರಗಳಿಗೆ ಕರೆದೊಯ್ದ ಅನುಭವದಿಂದ ನಾನು ಅಡುಗೆಯ ಬಗ್ಗೆ ಬರೆಯುತ್ತೇನೆ.

ಒಂಬತ್ತು ಜನರ ಅಡುಗೆಗೆ ಚಿಕ್ಕ ಗ್ಯಾಸ್ ಸ್ಟೌ ಸಾಲದು. ಮೂರು ಕಲ್ಲಿನ ಒಲೆಗೆ ಸೌದೆ ಹೆಚ್ಚು ಬೇಕು, ಇಬ್ಬನಿಗೆ ನೆನೆದ ಸೌದೆಯಾದರೆ ಹೊಗೆಯೇ ಹೆಚ್ಚು. ನಮ್ಮ ಕಡೆ ಹಿಂದೆ ಬಚ್ಚಲಿನಲ್ಲಿ ಬಳಸುತ್ತಿದ್ದ ಹೊಟ್ಟಿನ ಒಲೆಯನ್ನು ನೆನಪಿಸಿಕೊಳ್ಳಿ. ಅಡುಗೆ ಎಣ್ಣೆಯ 15 ಕಿಲೋ ಖಾಲಿ ಡಬ್ಬದ ಮೇಲ್ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಬುಡದ ಹತ್ತಿರ ಒಂದು ಪಕ್ಕದಲ್ಲಿ ಎರಡು ಅಂಗುಲ ಅಗಲದ ತೂತು ಮಾಡಿ. ಆ ತೂತಿನಿಂದ ಡಬ್ಬದ ನಡುಭಾಗದವರೆಗೆ ಒಂದು ದುಂಡನೆಯ ಕೋಲನ್ನು ಅಡ್ಡಲಾಗಿ ತೂರಿಸಿ. ಆ ಕೋಲಿನ ತುದಿಯ ಮೇಲೆ ನಡುಮಧ್ಯದಲ್ಲಿ ಒಂದು ಉದ್ದನೆಯ ಬಾಟಲಿಯನ್ನೋ ದಪ್ಪ ಬಿದಿರಿನ ತುಂಡನ್ನೋ ನೆಟ್ಟಗೆ ನಿಲ್ಲಿಸಿ, ಸುತ್ತಲೂ ಮರದ ಹೊಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಒನಕೆಯಂಥ ಕೋಲಿನಿಂದ ಬಲವಾಗಿ ಗಟ್ಟಿಸುತ್ತ ಬನ್ನಿ. ಅಂಚಿಗೆ ನಾಲ್ಕು ಬೆರಳು ಉಳಿಯುವವರೆಗೆ ತುಂಬಿದ ನಂತರ ಬಾಟಲಿಯನ್ನು ತಿರುಗಿಸುತ್ತ ಮೇಲಕ್ಕೂ, ಕೋಲನ್ನು ಹಾಗೆಯೇ ತಿರುಗಿಸುತ್ತ ಹೊರಕ್ಕೂ ಎಳೆದರೆ ಒಳಗೆ ಗಾಳಿ ಹೋಗುವ ಕೊಳವೆಯೊಂದು ಉಳಿಯುತ್ತದೆ. ಕೆಳಗಿನ ತೂತಿನಲ್ಲಿ ಕರ್ಪೂರದ ಬಿಲ್ಲೆ ಮತ್ತು ತೆಳುವಾಗಿ ಸೀಳಿದ ಒಣ ಕಡ್ಡಿಗಳನ್ನು ಇಟ್ಟು ಹಚ್ಚಿ. ಬೆಂಕಿ ಕೊಳವೆಯ ಒಳಗೋಡೆಯನ್ನು ಹಿಡಿದು, ಒಳಗಿನಿಂದ ಹೊರಕ್ಕೆ ನಿಧಾನವಾಗಿ ತಿನ್ನುತ್ತ ಹೋಗುತ್ತದೆ. ಹೊಟ್ಟು ಚೆನ್ನಾಗಿ ಒಣಗಿದ್ದರೆ, ಗಟ್ಟಿಸಿದ್ದೂ ಸರಿಯಾಗಿದ್ದರೆ, ಒಂದು ಡಬ್ಬ ಮೂರು ಗಂಟೆಗೂ ಹೆಚ್ಚು ಕಾಲ ಉರಿಯುತ್ತದೆ. ಉರಿ ಹೆಚ್ಚಾದರೆ ಕೆಳಗಿನ ತೂತಿಗೆ ಹೆಂಚಿನ ಚೂರನ್ನು ಅಡ್ಡವಿಟ್ಟು ಗಾಳಿಯನ್ನು ಕಡಿಮೆ ಮಾಡಿ. ಪಾತ್ರೆಯನ್ನು ಡಬ್ಬದ ಅಂಚಿನ ಮೇಲೆ ನೇರವಾಗಿ ಇಡದೆ, ಎರಡು ಕಬ್ಬಿಣದ ಸರಳುಗಳ ಮೇಲೆ ಇಟ್ಟರೆ ಹೊಗೆಗೆ ದಾರಿಯಿರುತ್ತದೆ. ಹೊತ್ತಿಸಿದ ಮೇಲೆ ಒಲೆಯನ್ನು ಅಲುಗಾಡಿಸಬಾರದು; ಹೊಟ್ಟು ಕುಸಿದು ಕೊಳವೆ ಮುಚ್ಚಿದರೆ ಬರೀ ಹೊಗೆ ಉಳಿಯುತ್ತದೆ.

ಅನ್ನಕ್ಕೆ ಇನ್ನೊಂದು ಉಪಾಯವಿದೆ, ಅದರಲ್ಲಿ ಉರುವಲೂ ಉಳಿಯುತ್ತದೆ. ಅಕ್ಕಿಯನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳವನ್ನು ಭದ್ರಪಡಿಸಿ, ಪಾತ್ರೆಯನ್ನು ಹಳೆಯ ಕಂಬಳಿಯಿಂದ ಸುತ್ತಿ, ಒಣ ಹುಲ್ಲು ತುಂಬಿದ ದೊಡ್ಡ ಬುಟ್ಟಿಯ ನಡುವೆ ಹೂತು, ಮೇಲೂ ಹುಲ್ಲಿನ ಚೀಲವನ್ನು ಹೇರಿ ಒಂದು ಗಂಟೆ ಮುಟ್ಟದೆ ಬಿಡಿ. ಒಳಗಿನ ಬಿಸಿಯಲ್ಲಿಯೇ ಅನ್ನ ಅರಳುತ್ತದೆ, ತಳ ಹಿಡಿಯುವ ಭಯವಿಲ್ಲ. ಪಾತ್ರೆ ತುಂಬಿದಷ್ಟೂ ಬಿಸಿ ಹೆಚ್ಚು ಹೊತ್ತು ನಿಲ್ಲುವುದರಿಂದ ಒಂಬತ್ತು ಜನರ ಅಡುಗೆಗೆ ಈ ವಿಧಾನ ಬಹಳ ಅನುಕೂಲ. ಡಿಸೆಂಬರ್ ಅವರೆಕಾಯಿಯ ಕಾಲ. ಹಿದುಕಿದ ಅವರೆಬೇಳೆಯ ಸಾರೂ ಹೀಗೆಯೇ ಬೇಯುತ್ತದೆ. ಬೆಳಗಿನ ತಿಂಡಿಗೆ ಒಲೆಯನ್ನೇ ಹಚ್ಚಬೇಡಿ: ಮನೆಯಲ್ಲಿಯೇ ಗೊಜ್ಜವಲಕ್ಕಿಯ ಪುಡಿ, ಹುರಿಹಿಟ್ಟು, ಬೆಲ್ಲ ಸಿದ್ಧಮಾಡಿಕೊಂಡು ಬಂದರೆ ಸಾಕು.

ಬೆಳಕಿಗೆ ತಲೆಗೆ ಕಟ್ಟುವ ಟಾರ್ಚನ್ನು ನೀರು ತುಂಬಿದ ಬಿಳಿ ಬಾಟಲಿಗೆ ಒಳಮುಖವಾಗಿ ಕಟ್ಟಿ ತೂಗುಹಾಕಿ. ಆ ನೀರಿಗೆ ನಾಲ್ಕು ಹನಿ ಹಾಲು ಬೆರೆಸಿದರೆ ಬೆಳಕು ಸುತ್ತಲೂ ಹರಡುತ್ತದೆ. ಹುಲ್ಲು ಸಾಲದಿದ್ದರೆ ತೋಟದ ಒಣ ತರಗೆಲೆಯನ್ನು ಚೀಲಕ್ಕೆ ತುಂಬಿಕೊಳ್ಳಬಹುದು.

ಮುಳ್ಳಯ್ಯನಗಿರಿಯ ವಿಷಯ: ಹುಡುಗನ ಆಸೆಯನ್ನು ನಾನು ಮೆಚ್ಚುತ್ತೇನೆ, ಆದರೆ ಅದಕ್ಕೆ ಒಪ್ಪಿಗೆ ಕೊಡಬೇಡಿ. ಮೀಸಲು ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವುದೂ ಬೆಂಕಿ ಹಾಕುವುದೂ ಅಪರಾಧ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಿಷೇಧಿಸಿದೆ. ಜನವರಿ ಕಳೆದರೆ ಗಿರಿಶ್ರೇಣಿಯ ಹುಲ್ಲು ಪೂರ್ತಿ ಒಣಗಿರುತ್ತದೆ. ಆ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು ನಮ್ಮ ಹೊಳೆಗಳ ನೀರಿನ ಮೂಲ. ಅಡುಗೆಗೆ ಹಚ್ಚಿದ ಒಂದು ಕಿಡಿ ಗಾಳಿಗೆ ಹಾರಿದರೆ ಇಡೀ ಬೆಟ್ಟವೇ ಹೋಗುತ್ತದೆ. ಜೊತೆಗೆ ಶಿಖರವು 1,930 ಮೀಟರ್ ಎತ್ತರದಲ್ಲಿದ್ದು, ಚಿಕ್ಕಮಗಳೂರು ಪಟ್ಟಣಕ್ಕಿಂತ 800 ಮೀಟರಿಗೂ ಹೆಚ್ಚು ಮೇಲಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಅಲ್ಲಿ ಪಟ್ಟಣಕ್ಕಿಂತ 5 ಡಿಗ್ರಿ ಹೆಚ್ಚು ಚಳಿ, ಅದರ ಮೇಲೆ ಬಯಲಿನ ಗಾಳಿ. ಹಗಲಿನಲ್ಲಿ ಹತ್ತಿ ಇಳಿಯಿರಿ, ರಾತ್ರಿಗೆ ತೋಟದ ಅಂಗಳವೇ ಇರಲಿ.

ಉತ್ತರ: ದಾದಿ (ಕೊಪ್ಪ)

ಮೇಷ್ಟ್ರಿಗೆ ಗೌರವಪೂರ್ವಕವಾಗಿ ಒಂದು ತಿದ್ದುಪಡಿ ಹೇಳಬೇಕಾಗಿದೆ. ತೋಟದ ಅಥವಾ ಕಾಡಿನ ತರಗೆಲೆಯನ್ನು ಹಾಸಿಗೆಗೆ ದಯವಿಟ್ಟು ಬಳಸಬೇಡಿ. ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳ (ರಕ್ತ ಹೀರುವ ಉಣುಗು ಹುಳುಗಳ) ಮರಿಗಳು ಇರುವುದು ಆ ಒಣ ಎಲೆಗಳ ನಡುವೆಯೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಳ್ಳುತ್ತಿದೆ, ಮತ್ತು ಅದರ ಕಾಲ ಸುಮಾರಾಗಿ ನವೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನೀವು ಹೋಗುವ ಸಮಯವೂ ಅದರಲ್ಲಿ ಸೇರಿದೆ. ಮರಿ ಉಣ್ಣೆ ಎಳ್ಳಿನ ಕಾಳಿಗಿಂತ ಚಿಕ್ಕದಾಗಿರಬಹುದು, ಕಚ್ಚಿದ್ದು ಅನೇಕರಿಗೆ ಗೊತ್ತಾಗುವುದೇ ಇಲ್ಲ. ಬಣವೆಯ ಅಥವಾ ಅಟ್ಟದ ಶುಚಿಯಾದ ಹುಲ್ಲನ್ನು, ಅದೂ ಬಿಸಿಲಿಗೆ ಚೆನ್ನಾಗಿ ಕೊಡವಿದ ನಂತರ, ಬಳಸಿ. ಹುಲ್ಲು ಸಾಲದಿದ್ದರೆ ಹಳೆಯ ಪತ್ರಿಕೆಗಳನ್ನು ಮುದುರಿ ಚೀಲಕ್ಕೆ ತುಂಬಿ, ಅದೂ ಬೆಚ್ಚಗಿರುತ್ತದೆ.

ಮಕ್ಕಳು ತೋಟದೊಳಗೆ ಓಡಾಡುವಾಗ ಉದ್ದ ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಲಿ. ಆರೋಗ್ಯ ಇಲಾಖೆಯವರು ಕಾಯಿಲೆಯಿರುವ ಊರುಗಳಲ್ಲಿ ಕೊಡುವ, ಉಣ್ಣೆ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲುಗಳಿಗೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಿನ ಸ್ನಾನ ಮಾಡಿಸಿ ಕಿವಿಯ ಹಿಂದೆ, ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ನೋಡಿ. ಉಣ್ಣೆ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ ಅಥವಾ ಬೆಂಕಿಕಡ್ಡಿಯ ಪ್ರಯೋಗ ಬೇಡ. ಚೂಪಾದ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆದು, ಸೋಪಿನಿಂದ ತೊಳೆಯಿರಿ. ಹಿಂತಿರುಗಿದ ಮೇಲೆ ಹತ್ತು ದಿನಗಳೊಳಗೆ ಯಾರಿಗಾದರೂ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ, ತೋಟದಲ್ಲಿ ತಂಗಿದ್ದೆವೆಂದು ನೀವಾಗಿಯೇ ಹೇಳಿ. ಇಂಬಳದ (ಜಿಗಣೆಯ) ಕಾಟ ಆ ತಿಂಗಳಿನಲ್ಲಿ ಹೆಚ್ಚಿರುವುದಿಲ್ಲ. ಕಚ್ಚಿದರೆ ಉಗುರನ್ನು ಬಾಯಿಯ ಬಳಿ ಒತ್ತಿ ಜಾರಿಸಿ ತೆಗೆಯಿರಿ. ಅದರ ಎಂಜಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಗಾಬರಿಯಾಗಬೇಡಿ.

ನೀರನ್ನು ಹಳ್ಳದಿಂದ ತರಬೇಡಿ. ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ (ಪಲ್ಪ್ ಮಾಡಿದ) ನೀರು ಹಳ್ಳಕ್ಕೆ ಸೇರಿರುವ ಸಾಧ್ಯತೆಯಿದೆ, ತೋಟಕ್ಕೆ ಹೊಡೆದ ಔಷಧಿಯ ಅಂಶವೂ ಇರಬಹುದು; ಇವೆರಡೂ ಕುದಿಸಿದರೆ ಹೋಗುವಂಥವಲ್ಲ. ಮನೆಯ ಬಾವಿಯ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಗುಳ್ಳೆಗಳು ಚೆನ್ನಾಗಿ ಏಳುವಂತೆ ಒಂದು ನಿಮಿಷ ಕುದಿಸಿದರೆ ಸಾಕು. ಅದೇ ಬಿಸಿನೀರನ್ನು ಸ್ಟೀಲ್ ಬಾಟಲಿಗೆ ತುಂಬಿ, ದಪ್ಪ ಕಾಲುಚೀಲ ತೊಡಿಸಿ ಚಿಕ್ಕವಳ ಕಾಲಿನ ಬಳಿ ಇಡಿ. ಚರ್ಮಕ್ಕೆ ನೇರವಾಗಿ ತಾಗದಿರಲಿ.

ಕೊನೆಯದಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹೊಟ್ಟಿನ ಒಲೆಯನ್ನಾಗಲಿ, ಕೆಂಡದ ಬಾಣಲೆಯನ್ನಾಗಲಿ ಚಳಿಗೆಂದು ಟೆಂಟಿನೊಳಗೆ ಅಥವಾ ಅದರ ಬಾಗಿಲಿಗೆ ತರಲೇಬಾರದು. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮೋನಾಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ರೆಯಲ್ಲಿದ್ದವರು ಏಳುವುದೇ ಇಲ್ಲ. ಹುಲ್ಲಿನ ಹಾಸಿಗೆ ಬೇರೆ ಇರುವುದರಿಂದ ಒಲೆಗೂ ಟೆಂಟಿಗೂ ಇಪ್ಪತ್ತು ಹೆಜ್ಜೆಯ ಅಂತರವಿರಲಿ.

ಪ್ರತಿಕ್ರಿಯೆ: ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೋಗಿ ಬಂದು ಎರಡು ವಾರವಾಯಿತು, ಎಲ್ಲರೂ ಆರೋಗ್ಯವಾಗಿದ್ದೇವೆ. ಮೊದಲ ರಾತ್ರಿ ಎರಡು ಟೆಂಟುಗಳಲ್ಲಿ ನೀವು ಹೇಳಿದಂತೆ ಕಿಂಡಿಗಳನ್ನು ತೆರೆದಿಟ್ಟಿದ್ದೆವು; ಮೂರನೆಯದರಲ್ಲಿ ಮಲಗಿದ ದೊಡ್ಡ ಮಕ್ಕಳು ಚಳಿಯೆಂದು ನಡುರಾತ್ರಿಯಲ್ಲಿ ಎದ್ದು ಎಲ್ಲವನ್ನೂ ಮುಚ್ಚಿಕೊಂಡಿದ್ದರು. ಬೆಳಿಗ್ಗೆ ನಮ್ಮ ಎರಡೂ ಟೆಂಟುಗಳು ಬಹುಮಟ್ಟಿಗೆ ಒಣಗಿದ್ದವು, ಅವರದು ತೊಯ್ದು ಹೋಗಿತ್ತು. ಎರಡನೆಯ ರಾತ್ರಿ ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಹುಲ್ಲಿನ ಚೀಲದ ಮೇಲೆ ಬೆನ್ನಿಗೆ ಚಳಿಯೇ ಹತ್ತಲಿಲ್ಲ; ಮೊದಲು ಚುಚ್ಚುತ್ತದೆಯೆಂದು ದೂರಿದ ಚಿಕ್ಕವಳು ಮೇಲೆ ಕಂಬಳಿ ಮಡಿಸಿ ಹಾಕಿದ ಮೇಲೆ ಬೆಳಗಿನವರೆಗೆ ಮಿಸುಕಲಿಲ್ಲ. ಅಡಿಕೆ ಕಟ್ಟಿ ಕಿವಿ ಮಾಡುವ ಉಪಾಯವನ್ನು ಭಾವನವರು ನೋಡಿ, ಕಣದ ಹರಿದ ಟಾರ್ಪಾಲಿಗೂ ಅದನ್ನೇ ಮಾಡಿಕೊಂಡರು.

ಅನ್ನ ಚೆನ್ನಾಗಿ ಆಯಿತು. ಆದರೆ ಹೊಟ್ಟಿನ ಒಲೆ ಮೊದಲ ಸಂಜೆ ಕೈಕೊಟ್ಟಿತು. ಮರ ಕೊಯ್ಯುವ ಮಿಲ್ಲಿನಿಂದ ತಂದ ಹೊಟ್ಟನ್ನು ಹಾಗೆಯೇ ತುಂಬಿದ್ದೆವು. ಅರ್ಧ ಗಂಟೆ ಹೊಗೆಯಾಡಿ, ನಡುವೆ ಕುಸಿದು ಆರಿಹೋಯಿತು. ಮರುದಿನ ಉಳಿದ ಹೊಟ್ಟನ್ನು ಕಣದ ಮೂಲೆಯಲ್ಲಿ ಬಿಸಿಲಿಗೆ ಹರಡಿ ತುಂಬಿದಾಗ ಉರಿಯಿತು, ಆದರೂ ಎರಡು ಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ. ಇದಕ್ಕೆ ಕಾರಣವೇನಿರಬಹುದು?

ಉತ್ತರ: ಹಳೆಯ ಸ್ಕೌಟ್ ಮೇಷ್ಟ್ರು (ಚಿಕ್ಕಮಗಳೂರು)

ತರಗೆಲೆಯ ವಿಷಯದಲ್ಲಿ ದಾದಿಯವರು ಹೇಳಿದ್ದೇ ಸರಿ, ನನ್ನ ಆ ಸಲಹೆಯನ್ನು ಯಾರೂ ಅನುಸರಿಸಬೇಡಿ.

ಒಲೆಯ ಬಗ್ಗೆ: ಹಸಿ ಮರ ಕೊಯ್ದ ಹೊಟ್ಟು ಒಂದು ದಿನದ ಬಿಸಿಲಿಗೆ ಒಣಗುವುದಿಲ್ಲ, ಮೂರು ನಾಲ್ಕು ದಿನ ಬೇಕು. ಹಿಡಿಯಷ್ಟನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ಉಂಡೆಯಾಗಿ ನಿಂತರೆ ಇನ್ನೂ ಹಸಿಯಿದೆ, ಉದುರಿ ಚೆದುರಿದರೆ ಒಣಗಿದೆ ಎಂದು ತಿಳಿಯಿರಿ. ಎರಡೇ ಗಂಟೆಗೆ ಮುಗಿದದ್ದು ಬಹುಶಃ ಸಡಿಲವಾಗಿ ತುಂಬಿದ್ದರಿಂದ. ಒಮ್ಮೆಲೇ ಸುರಿಯದೆ ಮೂರು ಬೆರಳಿನಷ್ಟು ಪದರ ಹಾಕಿ, ಬೆರಳು ಇಳಿಯದಷ್ಟು ಗಟ್ಟಿಸಿದ ಮೇಲೆಯೇ ಮುಂದಿನ ಪದರ ಹಾಕಬೇಕು. ಹೊಟ್ಟು ತೀರಾ ಪುಡಿಯಾಗಿದ್ದು ಒಣಗಿದ ಮೇಲೆ ನಿಲ್ಲದೆ ಕುಸಿಯುವುದಾದರೆ, ತುಂಬುವಾಗ ಪ್ರತಿ ಪದರಕ್ಕೂ ಒಂದು ಬೊಗಸೆಯಷ್ಟು ಒಣ ಕಾಫಿ ಸಿಪ್ಪೆಯನ್ನು ಬೆರೆಸಿ ನೋಡಿ.